ಎತ್ತರದ ಹುಡುಗನೂ ಆಟದ ಬಯಲೂ

ಕಳೆದ ಬೇಸಗೆಯಲ್ಲಿ ನಾವು ಕುಣಿಗಲಿಗೆ ಹೋಗಿದ್ದಾಗ ನಮ್ಮ ಹಳೆಯ ಶಿಷ್ಯೆಯೊಬ್ಬಳ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಯಿತು. ಆಕೆಯ ಮಗನಿಗೆ 15 ವರ್ಷ. ಆ ಹುಡುಗನು ನಡುಮನೆಯ ಬಾಗಿಲನ್ನು ದಾಟುವಾಗ ತಲೆಯನ್ನು ತಗ್ಗಿಸಿಕೊಂಡೇ ಬಂದನು. ಎತ್ತರವು 6 ಅಡಿ 3 ಅಂಗುಲವಂತೆ. ತೆಳ್ಳನೆಯ ಮೈ, ನೀಳವಾದ ತೋಳು; ಯಾರಾದರೂ ದೃಷ್ಟಿಸಿ ನೋಡಿದರೆ ಬೆನ್ನನ್ನು ಬಾಗಿಸಿ ಕುಳ್ಳಗಾಗಲು ಯತ್ನಿಸುವ ಅಭ್ಯಾಸ.

ಊಟವಾದ ಮೇಲೆ ತಾಯಿಯು ತನ್ನ ಸಂಕಟವನ್ನು ತೋಡಿಕೊಂಡಳು: "ಮೇಷ್ಟ್ರೇ, ಇವನು ಬಹಳ ವೇಗವಾಗಿ ಬೌಲಿಂಗ್ ಮಾಡ್ತಾನೆ ಅಂತ ಎಲ್ಲರೂ ಹೊಗಳ್ತಾರೆ. ಮುಂದಿನ ತಿಂಗಳು ತುಮಕೂರಿನಲ್ಲಿ ಆಯ್ಕೆ ಇದೆ. ಆದರೆ ಎರಡು ವಾರದಿಂದ ಸೊಂಟನೋವು ಅಂತಾನೆ. ಈಗ ಬಿಟ್ಟರೆ ಮತ್ತೆ ಇಂಥ ಅವಕಾಶ ಸಿಗುತ್ತೋ ಇಲ್ಲವೋ. ಏನು ಮಾಡಲಿ, ನೀವೇ ಹೇಳಿ."

ಅಂದು ನಾವು ಕೊಟ್ಟ ಉತ್ತರವನ್ನೂ ಅದರ ಕಾರಣವನ್ನೂ ಇಲ್ಲಿ ನಿರೂಪಿಸುವೆವು. ಇಂಥ ಮಕ್ಕಳುಳ್ಳ ಮನೆಗಳು ನಮ್ಮ ವಾಚಕರಲ್ಲಿ ಹಲವಿರಬಹುದಷ್ಟೆ.

ನೀಳಕಾಯವನ್ನು ನಮ್ಮ ಪೂರ್ವಿಕರು ಸುಲಕ್ಷಣವೆಂದು ಗಣಿಸಿದ್ದರು. ರಾಮನು ಆಜಾನುಬಾಹು, ರಘುವಂಶದ ದಿಲೀಪನನ್ನು ಕಾಳಿದಾಸನು ಶಾಲವೃಕ್ಷಕ್ಕೆ ಹೋಲಿಸಿದ್ದಾನೆ. ಆದರೆ ಆ ಕವಿಗಳು ವರ್ಣಿಸಿದ್ದು ಬೆಳೆದು ಬಲಿತ ಪುರುಷರನ್ನು. ಇನ್ನೂ ಬೆಳೆಯುತ್ತಿರುವ ಬಾಲಕನ ವಿಷಯವು ಬೇರೆ. ಇದನ್ನು ನಮ್ಮ ಗುಬ್ಬಿ ಸೀಮೆಯ ತೆಂಗಿನ ತೋಟದವರು ಚೆನ್ನಾಗಿ ಬಲ್ಲರು. ಸಸಿಯನ್ನು ಆರಿಸುವಾಗ ಅವರು ಎತ್ತರವೊಂದನ್ನೇ ನೋಡುವುದಿಲ್ಲ. ಬುಡವು ದಪ್ಪಗಿದೆಯೆ, ಗರಿಗಳು ಬೇಗನೆ ಸೀಳಿವೆಯೆ ಎಂದು ಪರೀಕ್ಷಿಸುವರು. ಬುಡ ಬಲಿಯದೆ ಮೇಲಕ್ಕೇರಿದ ಸಸಿಯನ್ನು ಅವರು ನಂಬುವುದಿಲ್ಲ.

ಮನುಷ್ಯದೇಹದಲ್ಲಿಯೂ ಹೀಗೆಯೇ. ಗಂಡುಮಕ್ಕಳು ಅತ್ಯಂತ ವೇಗವಾಗಿ ಬೆಳೆಯುವುದು ಸಾಮಾನ್ಯವಾಗಿ 13ರಿಂದ 15ನೆಯ ವಯಸ್ಸಿನೊಳಗೆ. ಆ ಭರದಲ್ಲಿ ಕೆಲವರು ಒಂದೇ ವರ್ಷದಲ್ಲಿ 9-10 ಸೆಂಟಿಮೀಟರಿನಷ್ಟು ಬೆಳೆಯುವುದುಂಟು. ಕೈಕಾಲುಗಳ ಉದ್ದದ ಎಲುಬುಗಳ ತುದಿಗಳಲ್ಲಿ ಮೆದುವಾದ ಬೆಳವಣಿಗೆಯ ಪದರಗಳಿರುತ್ತವೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಎಲುಬು ಮೊದಲು ಉದ್ದವಾಗುತ್ತದೆ. ಅದನ್ನು ಹಿಡಿದು ಆಳುವ ಸ್ನಾಯುಗಳು ಬಲಗೊಳ್ಳುವುದು ಅನಂತರ. ಆದಕಾರಣ ನಿನ್ನೆಯವರೆಗೆ ಚುರುಕಾಗಿದ್ದ ಹುಡುಗನು ಇಂದು ತನ್ನ ಕಾಲನ್ನು ತಾನೇ ಎಡವುವನು. ಅದು ಸೋಮಾರಿತನವೂ ಅಲ್ಲ, ಅಪಶಕುನವೂ ಅಲ್ಲ. ವೇಗದ ಬೌಲಿಂಗಿನಲ್ಲಂತೂ ಪ್ರತಿ ಎಸೆತಕ್ಕೂ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ತಿರುಚಿ, ಮೈಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಬಲಿಯದ ಬೆನ್ನೆಲುಬಿನ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕು ಮೂಡುವುದು ಇದರಿಂದಲೇ.

ಈ ಸಂಗತಿಗಳನ್ನು ನಾವು ಸಕಾಲದಲ್ಲಿ ತಿಳಿಯಲಿಲ್ಲ. ಸುಮಾರು 1996ರಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾವು ಸಂಸ್ಕೃತವನ್ನು ಬೋಧಿಸುತ್ತಿದ್ದೆವು. ವ್ಯಾಯಾಮದ ಉಪಾಧ್ಯಾಯರಿಲ್ಲದ್ದರಿಂದ ಆಟದ ಹೊಣೆಯೂ ನಮ್ಮದೇ ಆಗಿತ್ತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನು ಉಳಿದೆಲ್ಲರಿಗಿಂತ ಒಂದು ತಲೆ ಎತ್ತರವಾಗಿದ್ದನು. ಶಾಲೆಗಳ ಪಂದ್ಯಾಟದಲ್ಲಿ ಎರಡು ದಿನಗಳಲ್ಲಿ ಮೂರು ಪಂದ್ಯಗಳು. ಮೂರರಲ್ಲಿಯೂ ಅವನಿಂದಲೇ ಎಸೆಯಿಸಿದೆವು. ಎರಡನೆಯ ದಿನ ಬೆಳಗ್ಗೆ ಅವನು ಸೊಂಟವನ್ನು ಹಿಡಿದುಕೊಂಡು ಬಂದಾಗ, "ಈ ವಯಸ್ಸಿಗೆ ಎಂಥ ಸೊಂಟನೋವಯ್ಯಾ?" ಎಂದು ನಕ್ಕುಬಿಟ್ಟೆವು. ಕಪ್ಪು ನಮ್ಮ ಶಾಲೆಗೆ ಬಂದಿತು. ಆ ಹುಡುಗನು ಮತ್ತೆಂದೂ ವೇಗವಾಗಿ ಎಸೆಯಲಿಲ್ಲ. ಈಗ ಅವನು ಕೊಬ್ಬರಿಯ ವ್ಯಾಪಾರಿ. ಎಲ್ಲಿ ಕಂಡರೂ ನಮಸ್ಕರಿಸಲು ಬಾಗುತ್ತಾನೆ. ಬಾಗುವಾಗ ಒಂದು ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದೆ. ಅವನು ನಮ್ಮನ್ನು ಎಂದೂ ದೂರಿದವನಲ್ಲ. ಆದರೂ ಆ ಕೈಯನ್ನು ಕಂಡಾಗಲೆಲ್ಲ ನಮಗೆ ಆ ನಗೆಯೇ ನೆನಪಾಗುತ್ತದೆ.

ಹಾಗಾದರೆ ನೀಳಕಾಯದವರು ಆಡಬಾರದೆ? ಅವಶ್ಯವಾಗಿ ಆಡಬೇಕು, ಕಾಯುವುದನ್ನೂ ಕಲಿಯಬೇಕು. ಇದಕ್ಕೆ ನಮ್ಮ ನಾಡಿನ ನಿದರ್ಶನವೇ ಇದೆ. 1969ರಲ್ಲಿ ಮೈಸೂರಿನಲ್ಲಿ ಜನಿಸಿದ ಜಾವಗಲ್ ಶ್ರೀನಾಥರು ಆರಡಿಗೂ ಮಿಕ್ಕಿದ ಎತ್ತರದವರು. ಅವರು ಕರ್ನಾಟಕದ ಪರವಾಗಿ ರಣಜಿ ಪಂದ್ಯಕ್ಕಿಳಿದದ್ದು 1989-90ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ಹೈದರಾಬಾದಿನ ಎದುರು ಆ ಮೊದಲನೆಯ ಪಂದ್ಯದಲ್ಲಿಯೇ ಸತತ ಮೂರು ಎಸೆತಗಳಿಗೆ ಮೂವರನ್ನು ಔಟ್ ಮಾಡಿದರು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಪಂದ್ಯವನ್ನಾಡಿದರೂ, ಸ್ವದೇಶದ ನೆಲದಲ್ಲಿ ಟೆಸ್ಟ್ ಆಡುವ ಯೋಗವು ಅವರಿಗೆ ದೊರೆತದ್ದು 1994ರಲ್ಲಿ, ಕಪಿಲ್ ದೇವರು ನಿವೃತ್ತರಾದ ಬಳಿಕ. ಮುಂಬಯಿಯ ಆ ಪಂದ್ಯದಲ್ಲಿ ಅವರೇ ಪಂದ್ಯಪುರುಷರೆನಿಸಿದರು. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದ ಆರು ವಿಕೆಟ್ಟುಗಳನ್ನು ಕೇವಲ 21 ರನ್ನುಗಳಿಗೆ ಉರುಳಿಸಿದರು. ಮರುವರ್ಷವೇ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಬಲಿತ ದೇಹಕ್ಕೇ ಈ ಪಾಡಾದರೆ ಎಳೆಯ ದೇಹದ ಗತಿಯೇನು? ಆದರೂ ಅವರು ವಿಶ್ರಮಿಸಿ ಮರಳಿ ಬಂದರು. 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ಟುಗಳನ್ನು ಪಡೆದರು. 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳಿಸಿ ಆಟವನ್ನು ಮುಗಿಸಿದರು.

ದೂರದೇಶದ ಒಂದು ಉದಾಹರಣೆಯನ್ನೂ ಹೇಳುವೆವು. ಹೆಪ್ಪುಗಟ್ಟಿದ ಮಂಜಿನ ಮೇಲೆ ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುತ್ತ ಆಡುವ ಐಸ್ ಹಾಕಿ ಎಂಬ ಆಟವುಂಟು. ನಮ್ಮ ಲಡಾಖಿನಲ್ಲಿಯೂ ಅದು ಪ್ರಿಯವಾಗಿದೆ. ಅಮೆರಿಕದ ಟೇಜ್ ಥಾಂಪ್ಸನ್ ಎಂಬ ಮುನ್ಪಡೆಯ ಆಟಗಾರನ ಎತ್ತರ 6 ಅಡಿ 6 ಅಂಗುಲ. 2016ರಲ್ಲಿ ಸೇಂಟ್ ಲೂಯಿಸ್ ತಂಡವು ಆತನನ್ನು ಆರಿಸಿತು; ಎರಡೇ ವರ್ಷಗಳಲ್ಲಿ ಬಫಲೊ ತಂಡಕ್ಕೆ ಒಪ್ಪಿಸಿಬಿಟ್ಟಿತು. 2020-21ರಲ್ಲಿ 38 ಪಂದ್ಯಗಳಲ್ಲಿ ಆತನು ಗಳಿಸಿದ ಗೋಲುಗಳು 8 ಮಾತ್ರ. ಮರುವರ್ಷ ಆತನನ್ನು ಅಂಚಿನಿಂದ ನಡುವಣ ಸ್ಥಾನಕ್ಕೆ ತಂದು ಆಡಿಸಿದರು, 38 ಗೋಲುಗಳಾದವು. ಅದರ ಮುಂದಿನ ವರ್ಷ 47. ಆಗ ಆತನಿಗೆ 25 ವರ್ಷ. ಇಪ್ಪತ್ತರಲ್ಲಿಯೇ ಇವನಿಂದಾಗದೆಂದು ತೀರ್ಮಾನಿಸಿ ಕೈಬಿಟ್ಟಿದ್ದರೆ ನಷ್ಟವು ಯಾರಿಗಾಗುತ್ತಿತ್ತು?

ಕುಣಿಗಲಿನವರಿಗೆ ಇಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಅಲ್ಲಿಯ ಪ್ರಸಿದ್ಧ ಕುದುರೆ ಫಾರಮಿನ ಕಥೆಯನ್ನು ಕೇಳದವರಾರು? ಕುದುರೆಮರಿಯು ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಎದ್ದು ನಿಲ್ಲುತ್ತದೆ. ಆದರೂ ಸುಮಾರು ಒಂದೂವರೆ ವರ್ಷವಾಗುವವರೆಗೆ ರೇಸಿನ ಕುದುರೆಯ ಬೆನ್ನಿನ ಮೇಲೆ ಸವಾರನನ್ನು ಕೂರಿಸುವುದಿಲ್ಲ. ಕುದುರೆಗೆ ತೋರುವ ತಾಳ್ಮೆಯನ್ನು ಮಕ್ಕಳಿಗೆ ತೋರಬಾರದೆ?

ತಂದೆತಾಯಿಗಳು ಮಾಡತಕ್ಕದ್ದು ಬಹಳವೇನೂ ಇಲ್ಲ. ಮೂರು ತಿಂಗಳಿಗೊಮ್ಮೆ ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರವನ್ನು ಗುರುತು ಹಾಕಿರಿ. ಬೆಳವಣಿಗೆಯು ಭರದಿಂದಿರುವಾಗ ಆಟದ ಭಾರವನ್ನು ಇಳಿಸಿರಿ. ರಾಗಿಮುದ್ದೆ, ಹುರುಳಿ, ಹಾಲು, ಸೊಪ್ಪು, ಒಗ್ಗುವವರಿಗೆ ಮೊಟ್ಟೆ ಹೊಟ್ಟೆತುಂಬ ದೊರೆಯಲಿ, ನಿದ್ರೆಯು ಕಡಮೆಯಾಗದಿರಲಿ. ಎಸೆಯುವ ಓವರುಗಳನ್ನು ಲೆಕ್ಕವಿಡಿರಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಲಿಯು ತನ್ನ ಎಳೆಯ ವೇಗಿಗಳಿಗೆ ಹೊರಡಿಸಿದ ನಿಯಮದಲ್ಲಿ, 13 ವರ್ಷದೊಳಗಿನವರಿಗೆ ಒಂದು ಸರದಿಗೆ 5, ದಿನಕ್ಕೆ 10 ಓವರುಗಳೆಂದೂ, 15ರೊಳಗಿನವರಿಗೆ 6 ಮತ್ತು 12 ಎಂದೂ ಮಿತಿಯನ್ನು ಕಟ್ಟಿತ್ತು. ಬೆನ್ನು, ಹೊಟ್ಟೆ, ತೊಡೆಗಳ ಸ್ನಾಯುಗಳು ಬಲಗೊಳ್ಳುವ ವ್ಯಾಯಾಮವನ್ನು ಬಲ್ಲವರಿಂದ ಕಲಿಸಿರಿ. ಸೊಂಟನೋವೆಂದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ಎಲುಬಿನ ವೈದ್ಯರಿಗೆ ತೋರಿಸಿರಿ. ಮತ್ತು ದಯವಿಟ್ಟು ಅವರನ್ನು ತೆಂಗಿನಮರವೆಂದೂ ಗಳುವೆಂದೂ ಕರೆಯಬೇಡಿರಿ. ಅವರ ಬೆನ್ನು ಬಾಗುವುದು ಮೊದಲು ಆ ಮಾತಿನಿಂದ.

ಕುಣಿಗಲಿನ ಆ ತಾಯಿಗೆ ನಾವು ಹೇಳಿದ್ದು ಇಷ್ಟೆ: "ಆಯ್ಕೆಯನ್ನು ಬಿಟ್ಟುಬಿಡಮ್ಮ. ನಾಳೆಯೇ ಡಾಕ್ಟರಿಗೆ ತೋರಿಸು." ಹುಡುಗನು ಎದ್ದು ಹೊರಗೆ ಹೋದವನು ಮರುದಿನ ನಾವು ಹೊರಡುವವರೆಗೆ ನಮ್ಮೊಡನೆ ಮಾತನಾಡಲಿಲ್ಲ. ತುಮಕೂರಿನಲ್ಲಿ ತೆಗೆಸಿದ ಚಿತ್ರದಲ್ಲಿ ಬೆನ್ನೆಲುಬಿನ ಕೆಳಗೆ ಬಿರುಕು ಆಗತಾನೆ ಮೂಡುತ್ತಿದ್ದುದು ಕಂಡಿತು. ನಾಲ್ಕು ತಿಂಗಳು ಎಸೆಯಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಆಯ್ಕೆಯು ಕೈತಪ್ಪಿತು. ಆಕೆ ಅತ್ತಳೆಂದು ತಿಳಿದು ನಮಗೂ ನೋವಾಯಿತು.

ದೀಪಾವಳಿಯ ಹೊತ್ತಿಗೆ ಮತ್ತೆ ಅಲ್ಲಿಗೆ ಹೋಗಿದ್ದೆವು. ಬಾಗಿಲ ಚೌಕಟ್ಟಿನ ಪಕ್ಕದ ಗೋಡೆಯಲ್ಲಿ ಸೀಸದಕಡ್ಡಿಯ ಎರಡು ಗೆರೆಗಳಿದ್ದವು. ನಡುವೆ ಅರ್ಧ ಅಂಗುಲವೂ ಇರಲಿಲ್ಲ. ಹುಡುಗನು ಒಳಗೆ ಬಂದು ಒಂದು ನೋಟುಪುಸ್ತಕವನ್ನು ನಮ್ಮ ಕೈಯಲ್ಲಿಟ್ಟನು. ಪ್ರತಿ ಪುಟದಲ್ಲಿಯೂ ದಿನಾಂಕ, ಅದರ ಮುಂದೆ ಎಸೆದ ಎಸೆತಗಳ ಲೆಕ್ಕ. "ಇವತ್ತು ಮೂರೇ ಓವರ್ ತಾತ, ನೋವಿಲ್ಲ," ಎಂದನು. ಆಮೇಲೆ ಬೆನ್ನನ್ನು ಬಾಗಿಸದೆ ನೆಟ್ಟಗೆ ನಿಂತನು. ಅವನ ಮುಖವನ್ನು ನೋಡಲು ನಾವೇ ತಲೆಯೆತ್ತಬೇಕಾಯಿತು.