ಹಳೇ ಡಿಸೈನ್ ತೆರೆದರೆ ಪಾರ್ಟೇ ಕಾಣ್ತಿಲ್ವಾ? ಪ್ರಾಜೆಕ್ಟ್ ಫೈಲ್ ಮಾಡಿಕೊಳ್ಳಿ

ಚಿತ್ರದುರ್ಗ: ಹಿರಿಯೂರಿನ ಟ್ರೇಲರ್ ಇರಲಿ, ಹೊಳಲ್ಕೆರೆಯ ಅಡಿಕೆ ಸುಲಿಯೋ ಯಂತ್ರ ಇರಲಿ, ಇನ್ವೆಂಟರ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಡಿಸೈನನ್ನು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಪಾರ್ಟ್ ಸಿಗುತ್ತಿಲ್ಲ ಅಂತ ಬರುತ್ತೆ. ಕಾರಣ ಇಷ್ಟೇ: ಅಸೆಂಬ್ಲಿ ಫೈಲ್ ಒಳಗೆ ಪಾರ್ಟ್ ಇರಲ್ಲ, ಅದು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಇರುತ್ತೆ.

ಹಳೇ ಕಂಪ್ಯೂಟರ್‌ನಲ್ಲೇ ‘ಪ್ಯಾಕ್ ಅಂಡ್ ಗೋ’ ಕೊಟ್ಟರೆ ಅಸೆಂಬ್ಲಿ ಜೊತೆ ಪಾರ್ಟ್‌ಗಳೂ ಒಂದೇ ಫೋಲ್ಡರ್‌ಗೆ ಕಾಪಿ ಆಗುತ್ತವೆ. ಆಮೇಲೆ ತೆರೆದ ಫೈಲ್‌ಗಳನ್ನೆಲ್ಲ ಮುಚ್ಚಿ, ‘ಪ್ರಾಜೆಕ್ಟ್ಸ್’ನಲ್ಲಿ ‘ನ್ಯೂ’ ಒತ್ತಿ, ‘ಸಿಂಗಲ್ ಯೂಸರ್’ ಆರಿಸಿ, ಆ ಫೋಲ್ಡರ್ ತೋರಿಸಿ. ಪ್ರಾಜೆಕ್ಟ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಟಿಕ್ ಬಂದರೆ ಸಿದ್ಧ.

ಎರಡು ಪಾರ್ಟ್‌ಗೆ ಒಂದೇ ಹೆಸರು ಇಡಬೇಡಿ. ಬೇರೆ ಅಳತೆಯದ್ದು ಬಂದು ಕೂತರೆ, ಕತ್ತರಿಸಿದ ಕಬ್ಬಿಣ ಗುಜರಿಗೇ ಹೋಗೋದು.