ಎರಡು ನಾಣ್ಯದ ಸಂದು

ಐದು ರೂಪಾಯಿಯ ಆ ಹಳೇ ದಪ್ಪ ನಾಣ್ಯ ನೆನಪಿದೆಯೇ? ಒಂಬತ್ತು ಗ್ರಾಂ ತೂಕದ್ದು, ಜೇಬಿಗೆ ಬಿದ್ದರೆ ಬಿದ್ದದ್ದು ಗೊತ್ತಾಗುತ್ತಿತ್ತು. ಅಂಥ ಎರಡನ್ನು ಒಂದರ ಮೇಲೊಂದಿಟ್ಟು ಟೇಪು ಸುತ್ತಿ, ಗುಂಡ್ಲುಪೇಟೆಯ ಒಬ್ಬ ಟಿಂಕರಿಂಗ್ ಮೇಸ್ತ್ರಿ ನನ್ನ ಕಣ್ಣೆದುರೇ ಅಂಬಾಸಿಡರ್ ಕಾರಿನ ಬಾಗಿಲ ಸಂದಿನೊಳಕ್ಕೆ ಇಳಿಬಿಟ್ಟರು. ನಾಣ್ಯ ನಾಲ್ಕು ಬೆರಳು ಜಾರಿತು, ನಿಂತಿತು.

‘ಇಲ್ಲೇ ಕನಾ ಸಾ ಕಾಯ್ಲೆ’ ಅಂದರು.

ಎರಡು ನಾಣ್ಯ ಸೇರಿದರೆ ಸುಮಾರು ಐದು ಮಿಲಿಮೀಟರು. ಬಾಗಿಲಿಗೂ ಕಂಬಕ್ಕೂ ನಡುವೆ, ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ, ಮೇಲಿಂದ ಕೆಳಗಿನ ತನಕ ಅಷ್ಟೇ ಅಗಲದ ಖಾಲಿ ಜಾಗ ಇರಬೇಕು. ಅಷ್ಟೇ! ಕಾರಿನ ಬಾಡಿ ಕೆಲಸ ಎಂದರೆ ತಗಡು ಬಡಿಯುವುದು ಎಂದುಕೊಂಡಿದ್ದ ನನಗೆ ಆ ಕ್ಷಣ ತಲೆ ಗಿರ್ರೆಂದಿತು. ಈ ಮನುಷ್ಯ ತಗಡನ್ನು ನೋಡುತ್ತಲೇ ಇಲ್ಲ. ತಗಡು ಇಲ್ಲದ ಜಾಗವನ್ನು ನೋಡುತ್ತಿದ್ದಾರೆ.

ಕಾರು ನಮ್ಮ ಮಾವನವರದು, 1972ರ ಮಾರ್ಕ್ ಟು, ಮೂತಿಗೆ ಚೌಕಳಿ ಜಾಲರಿ ಇರುವ ಮಾದರಿ. ಚಾಮರಾಜನಗರದ ಮನೆಯ ಶೆಡ್ಡಿನಲ್ಲಿ ಕೋಳಿಗಳಿಗೆ ಆಶ್ರಯ ಕೊಟ್ಟುಕೊಂಡಿತ್ತು. ಎಂಜಿನ್ನಿಗೆ ಮರುಜನ್ಮ ಸಿಕ್ಕಿತು, ಮೈಗೆ ಸಿಕ್ಕಿರಲಿಲ್ಲ. ಡ್ರೈವರ್ ಬಾಗಿಲು ಎಷ್ಟು ಜೋತುಬಿದ್ದಿತ್ತೆಂದರೆ, ಮುಚ್ಚಬೇಕಾದರೆ ಮೊದಲು ಹಸುವಿನ ಕೊರಳು ಎತ್ತಿ ಹಿಡಿದಂತೆ ಅದನ್ನು ಎತ್ತಿಕೊಳ್ಳಬೇಕು. ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಸುಮಾರು 35 ಕಿಲೋಮೀಟರು. ಅಷ್ಟು ದೂರವೂ ಆ ಬಾಗಿಲಿಗೆ ಸೆಣಬಿನ ಹಗ್ಗ ಕಟ್ಟಿಕೊಂಡೇ ಬಂದೆವು. ಮಾವ ಇಡೀ ದಾರಿ ಹಗ್ಗ ಹಿಡಿದು ಕೂತಿದ್ದರು, ಜಾತ್ರೆಯಲ್ಲಿ ತೇರು ಎಳೆಯುವವರ ಗಾಂಭೀರ್ಯದಲ್ಲಿ.

ಗುಂಡ್ಲುಪೇಟೆಗೇ ಏಕೆ? ಇಲ್ಲಿ ದಾರಿ ಎರಡಾಗುತ್ತದೆ. ಒಂದು ಬಂಡೀಪುರದ ಕಾಡು ಹಾದು ಊಟಿ ಕಡೆಗೆ, ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿಗೆ. 2009ರಿಂದ ಈ ಎರಡೂ ಕಾಡುದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಹಾಗಾಗಿ ಕೆಟ್ಟ ಗಾಡಿ, ತಡವಾದ ಗಾಡಿ, ಗುದ್ದಿಸಿಕೊಂಡ ಗಾಡಿ ಎಲ್ಲ ಇಲ್ಲಿ ಬೀಡುಬಿಡುತ್ತವೆ. ಗಾಡಿ ನಿಂತಲ್ಲಿ ಮೇಸ್ತ್ರಿ ಹುಟ್ಟುತ್ತಾನೆ.

ಈ ಮೇಸ್ತ್ರಿ ಕಾರಿನ ಹೊಟ್ಟೆ ಕೆಳಗೆ ತಲೆ ಹಾಕಿ ಅದರ ಜಾತಕವನ್ನೇ ಹೇಳಿಬಿಟ್ಟರು. ‘ಮಳೆ ಸೀಮೆ ಗಾಡಿ ಅಲ್ಲ ಇದು. ಒಣ ಸೀಮೆದು.’ ಹೇಗೆ ಗೊತ್ತಾಯಿತು? ಘಟ್ಟದ ಆಚೆಯಿಂದ ಬರುವ ಗಾಡಿ ಕೆಳಗಿನಿಂದ ಮೇಲಕ್ಕೆ ಸಾಯುತ್ತದಂತೆ. ಬಾಗಿಲ ತಳದಲ್ಲಿ ನೀರು ನಿಂತು, ಹೊಸಿಲ ಪೆಟ್ಟಿಗೆಯೊಳಗೆ ತುಕ್ಕು ಹಿಡಿದು, ತಗಡು ಹಪ್ಪಳವಾಗುತ್ತದೆ. ಘಟ್ಟದ ಮಳೆನೆರಳಿನ ಈ ಕಡೆಯ ಗಾಡಿ ಮೇಲಿನಿಂದ ಕೆಳಕ್ಕೆ ಸಾಯುತ್ತದೆ. ಬಿಸಿಲಿಗೆ ರಬ್ಬರು ಸೀಳುತ್ತದೆ, ಬಣ್ಣ ಸುಣ್ಣವಾಗುತ್ತದೆ, ತಳ ಮಾತ್ರ ಗಟ್ಟಿ. ಸೂರ್ಯಕಾಂತಿ, ಚೆಂಡುಹೂವು ಬೆಳೆಯುವ ಹೊಲಗಳ ಹವೆಯನ್ನು ಒಂದು ಕಾರಿನ ಹೊಟ್ಟೆಯಲ್ಲಿ ಓದಬಹುದು ಎಂದು ಯಾರು ಎಣಿಸಿದ್ದರು!

ಕೆಲಸ ಶುರುವಾಗುವುದು ಜೋತುಬಿದ್ದ ಬಾಗಿಲಿನಿಂದ ಎಂದುಕೊಂಡಿದ್ದೆ. ಅಲ್ಲವೇ ಅಲ್ಲ. ಮೇಸ್ತ್ರಿ ಹಿಂದಿನ ಚಕ್ರದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಹಿಂಬದಿಯ ಆ ಮೈಯನ್ನು ವೆಲ್ಡ್ ಮಾಡಿ ಕೂರಿಸಲಾಗಿದೆ, ಅದು ಅಲ್ಲಾಡುವಂತಿಲ್ಲ. ಅಲ್ಲಾಡದ್ದನ್ನು ನಂಬಿ ಅಲ್ಲಾಡುವುದನ್ನು ಕೂರಿಸಬೇಕು. ಮೊದಲು ಹಿಂದಿನ ಬಾಗಿಲು ಆ ಮೈಗೆ ಹೊಂದಬೇಕು, ಮುಂದಿನ ಬಾಗಿಲು ಹಿಂದಿನದಕ್ಕೆ, ಮಡ್‌ಗಾರ್ಡು ಮುಂದಿನ ಬಾಗಿಲಿಗೆ, ಕಟ್ಟಕಡೆಗೆ ಬಾನೆಟ್ಟು. ಮುಂದಿನಿಂದ ಹಿಂದಕ್ಕೆ ಹೊರಟವರ ತಪ್ಪೆಲ್ಲ ಕೊನೆಗೆ ಬಂದು ರಾಶಿ ಬೀಳುವುದು ಬಿಚ್ಚಲಾಗದ ಆ ಹಿಂಬದಿಯ ಮೇಲೆ. ಮಾವನ ಕಾರಿಗೆ ಹಿಂದೊಮ್ಮೆ ಯಾರೋ ಮಾಡಿದ್ದೂ ಅದನ್ನೇ.

ಅದಕ್ಕೂ ಮೊದಲು ಇನ್ನೊಂದು ವಿಸ್ಮಯ. ಗಾರೆ ಕೆಲಸದವರು ಪಾಯ ಹಾಕುವಾಗ ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದಲ್ಲ, ಅದನ್ನು ತಂದು ನಾಲ್ಕು ಚಕ್ರದ ಕೆಳಗಿನ ನೆಲ ಅಳೆದರು. ಒಂದು ಚಕ್ರದ ಕೆಳಗೆ ಹಲಗೆ ಚೂರು ಇಟ್ಟರು. ಕಾರು ತನ್ನ ಕಾಲ ಮೇಲೆ ತಾನೇ ಸಮನಾಗಿ ನಿಲ್ಲಬೇಕು. ಏಕೆಂದರೆ ಜಾಕಿ ಕೊಟ್ಟು ಎತ್ತಿದರೆ ಕಾರಿನ ಬೆನ್ನು ಬಾಗುತ್ತದೆ! ಅಂಬಾಸಿಡರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ನನಗೆ ನಂಬಿಕೆ ಬರಲಿ ಅಂತ ಒಂದು ಬದಿ ಎತ್ತಿ ತೋರಿಸಿದರು. ನಾಣ್ಯ ಸಲೀಸಾಗಿ ಜಾರುತ್ತಿದ್ದ ಸಂದಿನಲ್ಲಿ ಈಗ ನಾಣ್ಯದ ಅಂಚೂ ಹೋಗದು. ಇಳಿಸಿದರು, ಮತ್ತೆ ಹೋಯಿತು. ಒಂದು ಟನ್ನಿಗೂ ಮೀರಿದ ಉಕ್ಕು ಉಸಿರಾಡಿದಂತಿತ್ತು.

ಬಾಗಿಲು ಜೋಲುವುದು ಕೀಲಿನ ಪಿನ್ನು ಸವೆದು. ಅದನ್ನು ಸವೆಸಿದವರು ನಾವೇ. ಇಳಿಯುವಾಗ ಬಾಗಿಲ ಮೇಲೆ ಭಾರ ಹಾಕಿ ಏಳುವ ಪ್ರತಿ ಸಲವೂ ಅಷ್ಟಷ್ಟು ಸವೆಯುತ್ತದೆ. ಹೊಸ ಪಿನ್ನು, ಹೊಸ ಬುಷ್ಷು ಹಾಕಿ, ಬಟ್ಟೆ ಸುತ್ತಿದ ಜಾಕಿಯ ಮೇಲೆ ಬಾಗಿಲ ತಳ ಕೂರಿಸಿ, ಸ್ಕ್ರೂ ಸಡಿಲಿಸಿ, ಅರ್ಧ ನಾಣ್ಯದಷ್ಟು ಎತ್ತಿ, ಬಿಗಿದು, ಮುಚ್ಚಿ ನೋಡಿ, ಮತ್ತೆ ಸಡಿಲಿಸಿ... ಎಷ್ಟು ಸಲವೆಂದು ಎಣಿಸಿಲ್ಲ. ಎರಡು ಸಲ ಚಹಾ ಬಂದುಹೋಯಿತು.

ಅಂಚು ಕೆರೆದಾಗ ಕಂಡದ್ದು ಇನ್ನೊಂದು ಲೋಕ. ಬಿಳಿ, ಅದರಡಿ ಕೆನೆ ಬಣ್ಣ, ಅದರಡಿ ತಿಳಿನೀಲಿ, ಮತ್ತೆ ಬಿಳಿ, ಬುಡದಲ್ಲಿ ಬೂದು. ಈರುಳ್ಳಿ ಸಿಪ್ಪೆಯ ಹಾಗೆ! ಮಾವ ತಿಳಿನೀಲಿ ನೋಡಿ ಸುಮ್ಮನಾದರು. ಅದು ಅವರ ಮದುವೆಯ ವರ್ಷದ ಬಣ್ಣವಂತೆ. ಪ್ರತಿ ಬಣ್ಣವೂ ಅಂಚಿನಲ್ಲಿ ದಪ್ಪವಾಗಿ ಕೂತು ಸಂದನ್ನು ಅಷ್ಟಷ್ಟೇ ನುಂಗಿತ್ತು.

ಈಗ ಕೇಳಿ, ನನ್ನನ್ನು ಕೂತಲ್ಲೇ ಎಬ್ಬಿಸಿದ ವಿಷಯ.

ಬಾಗಿಲ ಕೆಳ ಅಂಚಿನಲ್ಲಿ ಹಿಂದಿನವರು ಮೆತ್ತಿದ್ದ ಪುಟ್ಟಿ ಬಿರುಕುಬಿಟ್ಟಿತ್ತು. ಪುಟ್ಟಿ ನಡುಮೈಯಲ್ಲಿ ನಿಂತೀತು, ಅಂಚಿನಲ್ಲಿ ನಿಲ್ಲದು, ಬಾಗಿಲು ಬಡಿದ ಏಟಿಗೆ ಉದುರುತ್ತದೆ. ಮೇಸ್ತ್ರಿ ಅದನ್ನೆಲ್ಲ ಕಿತ್ತು ತಗಡನ್ನು ಬಿಳುಪಾಗುವ ತನಕ ಉಜ್ಜಿ, ಬೆಂಕಿ ತೋರಿಸಿ, ಬಿಳಿ ಪುಡಿ ಉದುರಿಸಿದರು. ಬುಸ್ಸೆಂದು ಹೊಗೆ. ಆ ವಾಸನೆ! ನನ್ನ ಬಾಲ್ಯದ ಬೀದಿಯ ವಾಸನೆ ಅದು. ನವಸಾಗರ! ‘ಕಲಾಯಿ’ ಎಂದು ಕೂಗಿಕೊಂಡು ಬಂದು, ನೆಲದಲ್ಲಿ ಗುಂಡಿ ತೋಡಿ ತಿದಿಯೊತ್ತಿ, ಅಜ್ಜಿಯ ಹಿತ್ತಾಳೆ ಪಾತ್ರೆಯೊಳಕ್ಕೆ ಬೆಳ್ಳಗೆ ತವರ ಹಚ್ಚುತ್ತಿದ್ದವನ ನವಸಾಗರ. ಮೇಸ್ತ್ರಿಯೂ ಅದನ್ನೇ ಮಾಡಿದರು, ಹತ್ತಿಯಿಂದ ತವರವನ್ನು ತಗಡಿಗೆ ಸವರಿದರು. ತವರ ಹಿಡಿದ ಮೇಲೆ ಸೀಸ ಕೂರುತ್ತದೆ. ‘ಟಿಂಕರಿಂಗ್’ ಎಂಬ ಮಾತನ್ನು ನಾವು ಗ್ಯಾರೇಜಿನಿಂದ ಕಲಿತಿದ್ದೇವೆ. ಇಂಗ್ಲೆಂಡಿನಲ್ಲಿ ಟಿಂಕರ್ ಎಂದರೆ ಊರೂರು ತಿರುಗಿ ಪಾತ್ರೆ ಪಗಡೆ ರಿಪೇರಿ ಮಾಡುತ್ತಿದ್ದವನು, ನಮ್ಮ ಕಲಾಯಿಯವನಿಗೆ ದೂರದ ದಾಯಾದಿ. ನಮ್ಮೂರ ಬೋರ್ಡುಗಳ ಮೇಲೆ ಆ ಪದ ಇಷ್ಟು ಕಾಲ ನಿಜವನ್ನೇ ಹೇಳುತ್ತಿತ್ತು, ನಾವು ಓದಿರಲಿಲ್ಲ.

ಮೇಲೆ ಹಚ್ಚುವ ಕಡ್ಡಿಯಲ್ಲಿ ಏಳು ಪಾಲು ಸೀಸ, ಮೂರು ಪಾಲು ತವರ. ಇದು ಮಂಜುಗಡ್ಡೆಯ ಹಾಗೆ ಒಂದೇ ಸಲಕ್ಕೆ ಕರಗುವುದಿಲ್ಲ. 183 ಡಿಗ್ರಿಗೆ ಮೆತ್ತಗಾಗಲು ತೊಡಗಿ, 250 ಡಿಗ್ರಿ ದಾಟಿದ ಮೇಲಷ್ಟೇ ಪೂರ್ತಿ ನೀರಾಗುತ್ತದೆ. ನಡುವಿನ ಆ ಎಪ್ಪತ್ತು ಡಿಗ್ರಿ ಪೂರಾ ಅದು ಮುದ್ದೆ! ರಾಗಿ ಮುದ್ದೆಯ ಹದ. ಮೇಸ್ತ್ರಿ ಕೊಬ್ಬು ಸವರಿದ ಮರದ ಹಲಗೆಯಿಂದ ಅದನ್ನು ತಿಕ್ಕಿ, ತೀಡಿ, ಅಂಚು ಕಟ್ಟುವಾಗ ಕೈಯ ತಿರುವು ನೋಡಿದರೆ, ಮುದ್ದೆಕೋಲು ಹಿಡಿದವರ ಕೈಯೇ. ಜ್ವಾಲೆ ಒಂದು ಕ್ಷಣ ಹೆಚ್ಚಾದರೆ ಲೋಹ ತೊಟ್ಟಿಕ್ಕಿ ನೆಲಕ್ಕೆ, ಕಡಿಮೆಯಾದರೆ ಹರಳುಹರಳು. ಸೀಸದ ಧೂಳು ವಿಷ, ಆದ್ದರಿಂದ ಇದಕ್ಕೆ ಉಜ್ಜುವ ಮೆಷಿನ್ನು ತಾಗಿಸುವಂತಿಲ್ಲ, ಅರದಿಂದ ಉದ್ದುದ್ದ ಎಳೆದೇ ತೆಗೆಯಬೇಕು.

ಮಡ್‌ಗಾರ್ಡಿನಲ್ಲಿ ಒಂದು ಉಬ್ಬು ಇತ್ತು, ಒತ್ತಿದರೆ ಡಬ್ ಎಂದು ಒಳಹೋಗಿ ಡಬ್ ಎಂದು ಹೊರಬರುವಂಥದ್ದು. ಅತಿಯಾಗಿ ಬಡಿದು ತಗಡು ಹಿಗ್ಗಿದ ಗುರುತು. ಅದಕ್ಕೆ ಸುತ್ತಿಗೆ ಮದ್ದಲ್ಲ. ನಾಣ್ಯದಗಲದ ಚುಕ್ಕೆಯನ್ನು ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿದರು. ಕಾದ ಚುಕ್ಕೆ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ತಗಡು ಬಿಡದು. ಒಳಗೊಳಗೇ ದಪ್ಪವಾಗಿ, ಆರುವಾಗ ಎಲ್ಲವನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಚುಸ್! ಡಬ್ ಸದ್ದು ಮಾಯ. ಕಾಯಿಸಿ ಕುಗ್ಗಿಸುವುದು! ನಾನು ಶಾಲೆಯಲ್ಲಿ ಕಲಿತದ್ದು ಇದರ ಅರ್ಧ ಮಾತ್ರ.

ಸಮ ನೋಡುವುದು ಕಣ್ಣಲ್ಲ, ಅಂಗೈ. ತೆಳು ಬಟ್ಟೆ ಹಾಕಿ ಅದರ ಮೇಲೆ ಕೈಯಾಡಿಸುತ್ತಾರೆ, ಕಣ್ಣು ಮುಚ್ಚಿ. ಆಮೇಲೆ ಸೀಮೆಎಣ್ಣೆ ಸವರಿ ಟ್ಯೂಬ್‌ಲೈಟಿನ ನೆರಳು ನೋಡುತ್ತಾರೆ. ಗೆರೆ ಸೊಟ್ಟಗಾದಲ್ಲಿ ತಗಡೂ ಸೊಟ್ಟ.

ಇನ್ನು ಹೊಳೆಯುವ ಒಡವೆಗಳ ಕಥೆ. ಬಂಪರು, ಹಿಡಿಕೆ, ದೀಪದ ಬಳೆ, ಬದಿಯ ಬೀಡಿಂಗು. ದೂರದಿಂದ ಎಲ್ಲವೂ ಒಂದೇ ಬೆಳ್ಳಿ. ಮೇಸ್ತ್ರಿಯ ಹುಡುಗ ಹಳೇ ಸ್ಪೀಕರಿನ ಆಯಸ್ಕಾಂತ ತಂದು ಒಂದೊಂದಕ್ಕೂ ತಾಗಿಸಿದ. ಬಂಪರಿಗೆ ಕಚ್ಚಿತು: ಉಕ್ಕಿನ ಮೇಲೆ ಕ್ರೋಮ್. ಬೀಡಿಂಗಿಗೆ ಕಚ್ಚಲಿಲ್ಲ: ಸ್ಟೇನ್‌ಲೆಸ್. ಹಿಡಿಕೆಗೂ ಕಚ್ಚಲಿಲ್ಲ, ಆದರೆ ಅದು ಎರಕ ಹೊಯ್ದ ಸತುವಿನ ಮಿಶ್ರಲೋಹ, ಮೈತುಂಬ ಒಳಗಿನಿಂದ ಎದ್ದ ಗುಳ್ಳೆ. ಮೂರಕ್ಕೂ ಮೂರು ಬಗೆಯ ಮದ್ದು.

ಕ್ರೋಮ್ ಎಂದು ನಾವು ಮೆಚ್ಚುವ ಹೊಳಪು ಬಹುಪಾಲು ಕ್ರೋಮಿನದಲ್ಲ. ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ನಿಜವಾದ ಕನ್ನಡಿ ಆ ನಿಕ್ಕಲ್ಲೇ. ತುದಿಯ ಕ್ರೋಮ್ ಪದರ ಒಂದು ಮೈಕ್ರಾನಿಗೂ ಕಡಿಮೆ, ತಲೆಗೂದಲನ್ನು ನೂರು ಪದರ ಸೀಳಿದರೆ ಅದರಲ್ಲೊಂದಕ್ಕಿಂತಲೂ ತೆಳು. ಅದರ ಕಣ್ಣಿಗೆ ಕಾಣದ ಬಿರುಕುಗಳಲ್ಲಿ ನೀರು ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ಮೇಲುಮೇಲಿನ ತುಕ್ಕಿಗೆ ಹುಡುಗ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ನೀರಿಗೆ ಅದ್ದಿ ಉಜ್ಜಿದ. ಕಂದು ನೀರು ಇಳಿಯಿತು, ಕೆಳಗೆ ಕನ್ನಡಿ! ಅಲ್ಯೂಮಿನಿಯಂ ಕ್ರೋಮಿಗಿಂತ ಮೆತು, ಹಾಗಾಗಿ ಗೀರುವುದಿಲ್ಲ. ಆದರೆ ಗುಂಡಿ ಬಿದ್ದದ್ದು ಗುಂಡಿಯೇ. ಬಂಪರು, ಹಿಡಿಕೆ ಹೊಸ ಪದರಕ್ಕಾಗಿ ಕೊಯಮತ್ತೂರಿನ ಬಸ್ಸು ಹತ್ತಿದವು. ಆ ರಸಾಯನಗಳು ಅಪಾಯಕಾರಿ, ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ.

ಸ್ಟೇನ್‌ಲೆಸ್ ಬೀಡಿಂಗು ಮಾತ್ರ ಇಲ್ಲೇ. ಹಿಂಬದಿಯಿಂದ ಬೆರಳುಗಾತ್ರದ ಸುತ್ತಿಗೆಯಲ್ಲಿ ತಗ್ಗು ಎಬ್ಬಿಸಿ, 320 ನಂಬರಿನ ಕಾಗದ, ಆಮೇಲೆ 600, 1000, 2000. ಪ್ರತಿ ಸಲವೂ ಹಿಂದಿನ ಗೀರಿಗೆ ಅಡ್ಡಡ್ಡ ಉಜ್ಜಬೇಕು, ಆಗಲೇ ಹಳೇ ಗೀರು ಅಳಿಯಿತೋ ಇಲ್ಲವೋ ತಿಳಿಯುವುದು. ಇದನ್ನು ಎಲ್ಲಿ ನೋಡಿದ್ದೆ? ಚಾಮರಾಜನಗರದಲ್ಲೇ! ನಮ್ಮ ಜಿಲ್ಲೆಯ ಕರಿಕಲ್ಲು ದೇಶಾಂತರ ಹೋಗುವ ಮುನ್ನ ಪಾಲಿಷ್ ಆಗುವುದೂ ಹೀಗೇ, ಒರಟಿನಿಂದ ನಯಕ್ಕೆ, ಮೆಟ್ಟಿಲು ಮೆಟ್ಟಿಲಾಗಿ. ಹೊಳಪು ಎಂದರೆ ಗೀರು ಇಲ್ಲದಿರುವುದಲ್ಲ. ಬೆಳಕಿನ ಅಲೆ ಅರ್ಧ ಮೈಕ್ರಾನಿನ ಆಸುಪಾಸು. ಗೀರು ಅದಕ್ಕಿಂತ ಸಣ್ಣದಾದರೆ ಬೆಳಕಿಗೆ ಅದು ಸಿಗುವುದೇ ಇಲ್ಲ. ಕಲ್ಲಿಗೂ ಕಾರಿಗೂ ಒಂದೇ ಗುಟ್ಟು! ಕೊನೆಗೆ ಬಫಿಂಗ್ ಸೋಪು ಹಚ್ಚಿದ ಚಕ್ರ. ಅದರ ಹತ್ತಿರ ಮಾತ್ರ ನನ್ನನ್ನು ಬಿಡಲಿಲ್ಲ. ಅಂಚು ಸಿಕ್ಕಿದರೆ ಪಟ್ಟಿಯನ್ನು ಕತ್ತಿಯಂತೆ ಎಸೆಯುತ್ತದೆ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೈ ತೊಟ್ಟು, ಕೋಲ್ಕತ್ತಾ ಹತ್ತಿರದ ಉತ್ತರಪಾಡಾದಲ್ಲಿ ಅರ್ಧ ಶತಮಾನಕ್ಕೂ ಮೀರಿ ತಯಾರಾಗಿ, 2014ರ ಮೇ ತಿಂಗಳಲ್ಲಿ ನಿಂತುಹೋದ ಕಾರು ಇದು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ‘ಪಯಣ’ ಸಂಗ್ರಹಾಲಯದಲ್ಲಿ ಹಳೇ ಕಾರುಗಳು ಮದುಮಕ್ಕಳ ಹಾಗೆ ನಿಂತಿವೆ, ನೋಡಿ ಬೆರಗಾಗಿದ್ದೇನೆ. ಆದರೆ ಅಲ್ಲಿ ಹಗ್ಗದ ಆಚೆ ನಿಂತು ಬಣ್ಣ ನೋಡಿದ್ದೆ. ಈಗ ಹೋದರೆ ಸಂದು ನೋಡುತ್ತೇನೆ.

ಬಾಗಿಲಿಗೆ ಹೊಸ ರಬ್ಬರು ಹಾಕಿದ ದಿನ ಎಲ್ಲ ಕೆಟ್ಟಿತೆಂದುಕೊಂಡೆ. ದಪ್ಪ ರಬ್ಬರು ಬಾಗಿಲನ್ನು ಹೊರಕ್ಕೆ ನೂಕಿ ನಿಲ್ಲಿಸಿತ್ತು. ‘ಏನೂ ಮಾಡ್ಬ್ಯಾಡಿ, ಮುಚ್ಚಿ ಬುಡಿ. ಒಸಿ ದಿವ್ಸ ಮಲಗ್ಲಿ’ ಅಂದರು ಮೇಸ್ತ್ರಿ. ಮೂರು ವಾರ ಮಲಗಿತು. ಮಾವ ಹೋಗಿ ತೆಗೆದು, ಹಗ್ಗವಿಲ್ಲದೆ, ಒಂದೇ ಬೆರಳಲ್ಲಿ ತಳ್ಳಿದರು. ಮುಚ್ಚಿಕೊಂಡಿತು. ಮತ್ತೆ ತೆಗೆದರು, ಮತ್ತೆ ತಳ್ಳಿದರು. ಹೀಗೆ ಹತ್ತು ಸಲವಾದರೂ ಆಗಿರಬೇಕು. ಕಡೆಗೆ ಮೇಸ್ತ್ರಿಯೇ ‘ಪಿನ್ನು ಸವೀತದೆ ಬುಡಿ ಸಾ’ ಎಂದು ಬೇಡಿಕೊಂಡರು.

ಟೇಪು ಸುತ್ತಿದ ಆ ಎರಡು ನಾಣ್ಯ ನಾನು ಕೇಳಿ ಪಡೆದುಕೊಂಡೆ, ಬದಲಿಗೆ ಹತ್ತರ ನೋಟು ಕೊಟ್ಟು. ಮೊನ್ನೆ ರಾತ್ರಿ ಮನೆಯಲ್ಲಿ ಬೀರುವಿನ ಬಾಗಿಲ ಸಂದಿಗೆ ಅದನ್ನು ಇಳಿಬಿಡುತ್ತಿದ್ದೆ. ಹೆಂಡತಿ ಬಂದು ‘ಇದೇನ್ರೀ, ಬೀರುವಿಗೂ ಹುಂಡಿಗೂ ವ್ಯತ್ಯಾಸ ಮರೆತುಹೋಯ್ತಾ?’ ಎಂದಳು. ಮೇಲೆ ಒಂದು ನಾಣ್ಯ, ಕೆಳಗೆ ಮೂರು. ಹತ್ತೊಂಬತ್ತು ವರ್ಷದಿಂದ ಅದರ ಎದುರೇ ತಲೆ ಬಾಚಿಕೊಳ್ಳುತ್ತಿದ್ದೇನೆ.