ಬಚ್ಚಲುಮನೆಯಲ್ಲೊಂದು ಮೂತ್ರಿ

ಗೃಹಸ್ಥರು ಮನೆ ಕಟ್ಟಿಸುವಾಗ ದೇವರಮನೆಯ ದಿಕ್ಕು, ಒಲೆಯ ಮುಖ, ಬಾಗಿಲುಗಳ ಸಂಖ್ಯೆ, ಇವುಗಳನ್ನು ಕುರಿತು ನಾಲ್ಕು ಮಂದಿ ತಿಳಿದವರನ್ನು ವಿಚಾರಿಸುವುದುಂಟು. ದಿನಕ್ಕೆ ಐದಾರು ಸಲ ಮನೆಯ ಪ್ರತಿಯೊಬ್ಬರಿಗೂ ಒದಗುವ ಲಘುಶಂಕೆಯ ಏರ್ಪಾಡನ್ನು ಕುರಿತು ಮಾತ್ರ ಯಾರೂ ಬಾಯಿ ತೆರೆಯುವುದಿಲ್ಲ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠಶಾಲೆಯಲ್ಲಿ ಶುಚಿತ್ವದ ಪಾಠವನ್ನು ಹೇಳಿದ ನಾನೂ ಈ ಮಾತನ್ನು ಎತ್ತಿದವನಲ್ಲ. ಮನೆಯಲ್ಲಿ ಒಂದು ವಿಪತ್ತು ಸಂಭವಿಸಿದ ಮೇಲೆ ಸಂಕೋಚವು ಬಿಟ್ಟುಹೋಯಿತು. ವಾಚಕರು ಮೂಗು ಮುರಿಯದೆ ಓದಬೇಕೆಂದು ಪ್ರಾರ್ಥನೆ.

ಚೌಳಹಿರಿಯೂರಿನ ನಮ್ಮ ಮನೆ ಮಣ್ಣಿನ ಗೋಡೆಯ ಹಳೆಯ ಮನೆ. ಬಚ್ಚಲುಮನೆಯು ಅಡಿಗೆಮನೆಗೆ ಹೊಂದಿಕೊಂಡು ಒಳಗೇ ಇದೆ. ಶೌಚಗೃಹವು ಹಿತ್ತಲಿನ ಆಚೆಯ ಕಡೆ. ೨೦೧೪ರ ಅಕ್ಟೋಬರ್ ೨ರಂದು ಸ್ವಚ್ಛ ಭಾರತ ಅಭಿಯಾನವು ಪ್ರಾರಂಭವಾದ ತರುವಾಯ ಹಳ್ಳಿಗಳಲ್ಲಿ ಇಂತಹ ಶೌಚಗೃಹಗಳು ಹೆಚ್ಚಿದುವು. ನಮ್ಮದೂ ಆಗ ಕಟ್ಟಿಸಿದುದೇ. ಆದರೆ ಅದು ದೀರ್ಘಶಂಕೆಗೆ ಮಾತ್ರ ಎಂಬ ಭಾವನೆಯು ಹಿರಿಯರಲ್ಲಿ ಬಲವಾಗಿ ಬೇರೂರಿದೆ. ಎಪ್ಪತ್ತೆಂಟು ವರ್ಷದ ನಮ್ಮ ಅಣ್ಣನವರು ರಾತ್ರಿ ಮೂರು ಸಲ ಎದ್ದು ಹಿತ್ತಲ ಬೇಲಿಯ ಬಳಿಗೇ ಹೋಗುತ್ತಿದ್ದರು. ಮೂರು ವರ್ಷಗಳ ಹಿಂದೆ ಪುಷ್ಯಮಾಸದಲ್ಲೊಂದು ರಾತ್ರಿ, ಮಂಜಿನಿಂದ ನೆನೆದಿದ್ದ ಕಲ್ಲುಮೆಟ್ಟಿಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡರು. ಬೆಳಗಾಗುವ ಮುಂಚೆ ಶಿವಮೊಗ್ಗಕ್ಕೆ ಸಾಗಿಸಿದೆವು. ಶಸ್ತ್ರಚಿಕಿತ್ಸೆಯಿಂದ ಪ್ರಾಣ ಉಳಿಯಿತು, ಕೋಲೂರಿ ನಡೆಯುವಷ್ಟಾಯಿತು. ಕುಕ್ಕುರುಗಾಲಿನಲ್ಲಿ ಕುಳಿತೇಳುವ ಶಕ್ತಿ ಮಾತ್ರ ಮರಳಲಿಲ್ಲ. ಶೌಚಗೃಹಕ್ಕೆ ಕಮೋಡನ್ನು ಹಾಕಿಸಿದೆವು. ಹಗಲಿಗೆ ಅದು ಸರಿ. ರಾತ್ರಿ ಅದೇ ಮೆಟ್ಟಿಲು, ಅದೇ ಕತ್ತಲೆ. ಮಂಚದ ಬಳಿ ಒಂದು ಪಾತ್ರೆಯನ್ನು ಇಡೋಣವೆಂದರೆ, ಬೆಳಗ್ಗೆ ಅದನ್ನು ಇನ್ನೊಬ್ಬರು ಎತ್ತಬೇಕಲ್ಲವೆಂದು ಅವರು ಎರಡು ದಿನ ಸಂಜೆಯಿಂದ ನೀರನ್ನೇ ಕುಡಿಯಲಿಲ್ಲ.

ಆಗ ನನಗೆ ತೋರಿದ ಉಪಾಯವೇ ಮೂತ್ರಿ. ಬಸ್ಸು ನಿಲ್ದಾಣಗಳಲ್ಲಿಯೂ ಕಛೇರಿಗಳಲ್ಲಿಯೂ ಗೋಡೆಗೆ ಕೂಡಿಸಿರುವ, ಅಂಗಡಿಯವರು ಯೂರಿನಲ್ ಎಂದು ಕರೆಯುವ, ಆ ಪಿಂಗಾಣಿಯ ಬೋಗುಣಿ. ಅಣ್ಣನವರು ಕೇಳಿದೊಡನೆ, "ಅಲ್ಲವೋ ತಮ್ಮಾ, ಸಂಸ್ಕೃತ ಓದಿದವನು ನೀನು. ನಿಂತುಕೊಂಡು, ಅದೂ ಮನೆಯೊಳಗೆ!" ಎಂದರು.

ಆಕ್ಷೇಪಣೆಯು ನಿರಾಧಾರವಾದುದಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ದಾರಿ, ಬೂದಿ, ಗೋವಿನ ಕೊಟ್ಟಿಗೆ, ಉತ್ತ ನೆಲ, ನೀರು, ಹುತ್ತ ಇವುಗಳನ್ನು ನಿಷೇಧಿಸಿದ ತರುವಾಯ ನಡೆಯುತ್ತಲೂ ನಿಂತುಕೊಂಡೂ ವಿಸರ್ಜಿಸಬಾರದೆನ್ನುತ್ತದೆ. ಅದು ವಾಸಸ್ಥಳಕ್ಕೆ ದೂರವಾಗಿರಬೇಕೆಂದೂ ಅದೇ ಅಧ್ಯಾಯದಲ್ಲಿ ಮುಂದೆ ಹೇಳುತ್ತದೆ. ಕೊಳವೆಯಾಗಲಿ ಚರಂಡಿಯಾಗಲಿ ಇಲ್ಲದ ಮನೆಗೆ ಇದಕ್ಕಿಂತ ಒಳ್ಳೆಯ ಆರೋಗ್ಯಸೂತ್ರವನ್ನು ಯಾರು ತಾನೇ ಹೇಳಿಯಾರು? ನಿಲ್ಲುವುದರ ವಿಷಯದಲ್ಲಿಯೂ ಆ ಮಾತಿಗೆ ಈಚೆಗೆ ಒಂದು ಬೆಂಬಲ ದೊರೆತಿದೆ. ಹಾಲೆಂಡಿನ ಲೈಡನ್ನಿನ ವೈದ್ಯರು ಹಿಂದಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ ೨೦೧೪ರಲ್ಲಿ ಪ್ರಕಟಿಸಿದುದೇನೆಂದರೆ: ಆರೋಗ್ಯವಂತ ಗಂಡಸರಿಗೆ ನಿಂತರೂ ಕುಳಿತರೂ ಭೇದವಿಲ್ಲ, ಮೂತ್ರಬಾಧೆಯುಳ್ಳವರಿಗಾದರೋ ಕುಳಿತಾಗಲೇ ಮೂತ್ರಕೋಶವು ಹೆಚ್ಚು ಬರಿದಾಗುತ್ತದೆ. ವೃದ್ಧಾಪ್ಯದಲ್ಲಿ ಪ್ರಾಸ್ಟೇಟ್ ಗ್ರಂಥಿಯು ದೊಡ್ಡದಾಗುವುದು ಬಹು ಸಾಮಾನ್ಯ. ಆದುದರಿಂದ ರಾತ್ರಿ ಪದೇ ಪದೇ ಏಳಬೇಕಾಗುವವರು ಮೂತ್ರಿಯನ್ನು ಕೊಳ್ಳುವುದಕ್ಕೆ ಮುಂಚೆ ವೈದ್ಯರನ್ನು ಕಾಣತಕ್ಕದ್ದು. ಕುಳಿತುಕೊಳ್ಳಬಲ್ಲವರು ಕುಳಿತುಕೊಳ್ಳಲಿ. ಕೂರಲಾರದವರಿಗೆ ಆಪದ್ಧರ್ಮವೆಂಬುದೊಂದು ಉಂಟಷ್ಟೆ.

ಮನೆಯೊಳಗೆ ಎಂಬ ಆಕ್ಷೇಪಣೆಗೆ ನಾನು ಬೌದ್ಧರ ವಿನಯಪಿಟಕದ ಕಥೆಯನ್ನು ಹೇಳಿದೆನು. ಭಿಕ್ಷುಗಳು ಆರಾಮದಲ್ಲಿ ಕಂಡಕಂಡಲ್ಲಿ ವಿಸರ್ಜಿಸಲು ಸ್ಥಳವು ನಾರತೊಡಗಿತಂತೆ. ಬುದ್ಧನು ಒಂದು ಮೂಲೆಯನ್ನು ಗೊತ್ತುಮಾಡಿದನು. ಆಮೇಲೆ ಒಂದು ಮಡಕೆಯನ್ನು ಅನುಮತಿಸಿದನು. ಕೂರಲು ಕಷ್ಟವೆಂದಾಗ ಕಾಲಿಡಲು ಹಲಗೆಗಳನ್ನೂ, ಬಯಲಾಯಿತೆಂದು ನಾಚಿದಾಗ ಸುತ್ತ ಮರೆಯನ್ನೂ, ದುರ್ಗಂಧವೆಂದಾಗ ಮುಚ್ಚಳವನ್ನೂ ಒಂದೊಂದಾಗಿ ಅನುಮತಿಸಿದನು. ಸಿಂಹಳದ ಅನುರಾಧಪುರದಲ್ಲಿ, ಸಾವಿರ ವರ್ಷಗಳಿಗೂ ಹಿಂದೆ, ತಪಸ್ವಿಗಳಾದ ಭಿಕ್ಷುಗಳಿದ್ದ ಪಶ್ಚಿಮ ವಿಹಾರಗಳಲ್ಲಿ ಕೆತ್ತನೆಯೇ ಇಲ್ಲದ ಕಟ್ಟಡಗಳ ನಡುವೆ ಮೂತ್ರದ ಕಲ್ಲುಗಳು ಮಾತ್ರ ಸೊಗಸಾದ ಶಿಲ್ಪದಿಂದ ಕೂಡಿ ಈಗಲೂ ಕಾಣಸಿಗುತ್ತವೆ. ಅಣ್ಣನವರು ಇದನ್ನೆಲ್ಲ ಕೇಳಿ, "ಅವರು ಸಂನ್ಯಾಸಿಗಳು, ನಡೆಯುತ್ತದೆ" ಎಂದರು. ಬೇಡವೆನ್ನಲಿಲ್ಲ.

ನಿಜವಾದ ಪ್ರಶ್ನೆಯು ಸೊಸೆಯಿಂದ ಬಂದಿತು. "ಮಾವ, ರಾತ್ರಿ ಹೊತ್ತು ಅತ್ತೆಯೂ ನಾನೂ ಅದೇ ಮೆಟ್ಟಿಲು ಇಳಿಯುತ್ತೇವಲ್ಲ, ನಮಗೇನು ಮಾಡಿಸುತ್ತೀರಿ?" ಎಂದಳು. ಗೋಡೆಯ ಬೋಗುಣಿಯಿಂದ ಹೆಂಗಸರಿಗೆ ಏನೇನೂ ಉಪಯೋಗವಿಲ್ಲವೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ಈ ಲೇಖನದ ಬೇರೆ ಏನನ್ನು ಮರೆತರೂ ಗೃಹಸ್ಥರು ಇದನ್ನು ಮರೆಯಬಾರದು. ಬಚ್ಚಲುಮನೆಯ ಎದುರು ಮೂಲೆಯಲ್ಲಿ ಎದೆಮಟ್ಟದ ಗೋಡೆಯೊಂದನ್ನು ಎಬ್ಬಿಸಿ, ಕಾಲಿಡಲು ಎರಡು ಒರಟು ಕಲ್ಲು, ನಡುವೆ ಇಳಿಜಾರಿನ ನುಣುಪು ನೆಲ, ಕೆಳಗೆ ನಹಾನಿ ಟ್ರ್ಯಾಪು, ಪಕ್ಕದಲ್ಲಿ ನಲ್ಲಿ, ಏಳುವಾಗ ಹಿಡಿಯಲು ಒಂದು ಸರಳು, ಇಷ್ಟನ್ನು ಮಾಡಿಸಿದೆವು. ಮನೆಯಲ್ಲಿ ಹೆಚ್ಚು ಬಳಕೆಯಾಗುತ್ತಿರುವುದು ಆ ಮೂಲೆಯೇ.

ಇನ್ನು ಬೋಗುಣಿಯ ಆಯ್ಕೆ. ಕಡೂರಿನ ಅಂಗಡಿಯಲ್ಲಿ ಹಲವು ಬಗೆಗಳನ್ನು ತೋರಿಸಿದರು. ನೋಡತಕ್ಕದ್ದು ಹೂವಿನ ಚಿತ್ರವನ್ನಲ್ಲ. ಮೆರುಗಿನ ಮೇಲೆ ಕೂದಲೆಳೆಯ ಬಿರುಕಿರಬಾರದು. ಬೆರಳಿನಿಂದ ತಟ್ಟಿದರೆ ಕಂಚಿನಂತೆ ನಾದ ಬರಬೇಕು. ಹೊಟ್ಟೆ ಆಳವಾಗಿಯೂ ತುಟಿಯು ಮುಂದಕ್ಕೆ ಚಾಚಿಯೂ ಇರಬೇಕು. ಇಲ್ಲವಾದರೆ ಹನಿಗಳೆಲ್ಲ ನೆಲದ ಪಾಲು. ಪಿಂಗಾಣಿಯ ಶೌಚಸಾಮಗ್ರಿಗೆ ಐ.ಎಸ್. ೨೫೫೬ ಎಂಬ ಭಾರತೀಯ ಪ್ರಮಾಣವಿದೆ. ಆ ಗುರುತನ್ನು ಕೇಳಿ ಕೊಳ್ಳಬಹುದು. ಮನುಷ್ಯನನ್ನು ಕಂಡು ತಾನೇ ನೀರು ಬಿಡುವ ಯಂತ್ರವು ವಿದ್ಯುತ್ತನ್ನು ನಂಬಿದುದು, ನಮ್ಮೂರಿಗೆ ಒಗ್ಗದು. ಒತ್ತಿದರೆ ಹರಿದು ತಾನೇ ನಿಲ್ಲುವ ನಲ್ಲಿಯು ಚೆನ್ನಾದುದೇ, ಆದರೆ ಮಾಳಿಗೆಯ ಮೇಲೆ ಹತ್ತಡಿ ಎತ್ತರದಲ್ಲಿರುವ ತೊಟ್ಟಿಯ ಒತ್ತಡದಲ್ಲಿ ಅದು ಮೊಂಡುತನ ಮಾಡುವುದುಂಟು. ನಾವು ಸಾಧಾರಣ ತಿರುಗಣಿ ನಲ್ಲಿಯನ್ನೇ ಹಾಕಿಸಿದೆವು. ನೀರೇ ಬೇಡದ ಮೂತ್ರಿಯ ಸಾಧನವೊಂದು ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡಿದೆ, ಅಂತಹುದರ ಬಿಡಿಭಾಗಗಳು ಸಮೀಪದಲ್ಲಿ ದೊರೆಯುವವರು ಅದನ್ನೂ ಯೋಚಿಸಬಹುದು.

ಪಟ್ಟಣದ ಗೃಹಸ್ಥರು ಒಂದು ಲೆಕ್ಕವನ್ನು ಮಾಡಿ ನೋಡಲಿ. ನಾಲ್ವರು ಗಂಡಸರು ದಿನಕ್ಕೆ ಐದೈದು ಸಲ ಕಮೋಡಿನಲ್ಲಿ ಆರು ಲೀಟರಿನಂತೆ ನೀರು ಬಿಟ್ಟರೆ ೧೨೦ ಲೀಟರು; ಮೂತ್ರಿಗೆ ಸಲಕ್ಕೆ ಒಂದು ಲೀಟರಿನಂತೆ ೨೦ ಲೀಟರು. ನಮ್ಮದು ಮಲೆನಾಡೆಂದು ಹೆಸರಾದ ಚಿಕ್ಕಮಗಳೂರು ಜಿಲ್ಲೆಯಾದರೂ ಕಡೂರು ಸೀಮೆ ಅಪ್ಪಟ ಬಯಲು. ಕೊಳವೆಬಾವಿ ಬತ್ತಿ ಟ್ಯಾಂಕರಿನ ನೀರಿಗೆ ಕಾದವರಿಗೆ ನೂರು ಲೀಟರೆಂದರೆ ಏನೆಂಬುದನ್ನು ಹೇಳಬೇಕಾದುದಿಲ್ಲ.

ಕೂಡಿಸುವ ಕೆಲಸದಲ್ಲಿ ಮೊದಲು ಎಡವಿದೆವು. ಮೇಸ್ತ್ರಿಯು ನೆಲಕ್ಕೆ ಬಿಲ್ಲೆ ಹಾಕುವುದಕ್ಕೆ ಮುಂಚೆಯೇ ಎತ್ತರವನ್ನು ಅಳೆದನು. ಅದೂ ತನ್ನ ಆರಡಿಯ ದೇಹಕ್ಕೆ. ಬೋಗುಣಿಯ ತಳದಿಂದ ಕೊಳವೆಯನ್ನು ನೇರವಾಗಿ ಹೊರಕ್ಕೆ ಬಿಟ್ಟನು. ಎರಡು ವಾರಗಳೊಳಗಾಗಿ ಅಡಿಗೆಮನೆಯವರೆಗೂ ನಾತವು ಹಬ್ಬಿತು. ನನ್ನ ಪತ್ನಿಯು ಏನೂ ಹೇಳದೆ ಒಲೆಯ ಬಳಿ ಧೂಪ ಹಾಕತೊಡಗಿದಳು. ಅದಕ್ಕಿಂತ ಬಯ್ದಿದ್ದರೆ ಲೇಸಾಗಿತ್ತು. ಎಲ್ಲವನ್ನೂ ಕೀಳಿಸಿ ಮತ್ತೆ ಮಾಡಿಸಿದೆನು.

ನಾತದ ನಿವಾರಣೆಯೆಲ್ಲ ಟ್ರ್ಯಾಪಿನಲ್ಲಿದೆ. ಕೊಳವೆಯನ್ನು ಹಾವಿನಂತೆ ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿದರೆ ಚರಂಡಿಯ ಗಾಳಿಯು ಒಳಕ್ಕೆ ಬರಲಾರದು. ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿಯು ೧೭೭೫ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ನಿಲ್ಲುವ ನೀರು ಎರಡಂಗುಲಕ್ಕೆ ಕಡಮೆಯಿರಬಾರದು. ಮನೆಮಂದಿ ಬಹುದಿನ ಊರಿಗೆ ಹೋದರೆ ಅದು ಆರಿಹೋಗುವುದರಿಂದ ಹಿಂದಿರುಗಿದೊಡನೆ ಒಂದು ಚೊಂಬು ನೀರು ಹೊಯ್ಯತಕ್ಕದ್ದು. ಹೊರಗಣ ಕೊಳವೆಯು ಪಿ.ವಿ.ಸಿ.ಯದಾಗಿ, ಒಂದೂವರೆ ಅಂಗುಲಕ್ಕೆ ಕಡಮೆಯಿಲ್ಲದೆ, ಅಡಿಗೆ ಕಾಲಂಗುಲದಂತೆ ಇಳಿಜಾರಾಗಿರಲಿ. ಕಬ್ಬಿಣವನ್ನು ಮೂತ್ರವು ತಿಂದುಹಾಕುತ್ತದೆ. ಎತ್ತರವನ್ನು ಬಿಲ್ಲೆ ಹಾಕಿದ ನೆಲದಿಂದ ಅಳೆಯಬೇಕು. ತುಟಿಯು ಇಪ್ಪತ್ತನಾಲ್ಕು ಅಂಗುಲದಲ್ಲಿರುವುದು ರೂಢಿ; ಬೆನ್ನು ಬಾಗಿದ ಅಣ್ಣನವರನ್ನೇ ನಿಲ್ಲಿಸಿ ನೋಡಿ ನಾವು ಇಪ್ಪತ್ತೆರಡಕ್ಕೆ ಇಟ್ಟೆವು. ಮಣ್ಣಿನ ಗೋಡೆಗೆ ಮೊಳೆ ನಿಲ್ಲದು. ಗೋಡೆಯನ್ನು ಅಗೆದು ಸಿಮೆಂಟಿನ ಗಟ್ಟಿಯನ್ನು ಕೂಡಿಸಿ, ಅದು ಒಣಗಿದ ಮೇಲೆ ಬೋಲ್ಟು ಬಿಗಿಸಬೇಕು. ಪಕ್ಕದಲ್ಲಿ ಹಿಡಿಕೆಯ ಸರಳು ಇರಲೇಬೇಕು: ನಿದ್ರೆಯಿಂದ ತಟ್ಟನೆ ಎದ್ದು ನಿಂತು ವಿಸರ್ಜಿಸುವಾಗ ರಕ್ತದೊತ್ತಡವಿಳಿದು ತಲೆ ತಿರುಗಿ ಬೀಳುವುದುಂಟು. ಅಣ್ಣನವರು ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ಏಳುತ್ತಾರೆ. ರಾತ್ರಿಯೆಲ್ಲ ಉರಿಯುವ ಸಣ್ಣ ದೀಪವೂ ಅಲ್ಲಿದೆ.

ಬೋಗುಣಿಗೂ ಕೊಳವೆಗೂ ಹತ್ತುವ ಹಳದಿಯ ಗಾರಿನ ಕಾರಣವು ಇದು: ಮೂತ್ರದ ಯೂರಿಯವನ್ನು ಸೂಕ್ಷ್ಮಜೀವಿಗಳು ಅಮೋನಿಯವಾಗಿ ಒಡೆಯುತ್ತವೆ, ಅದರಿಂದ ಕ್ಷಾರವು ಹೆಚ್ಚಿ ಸುಣ್ಣದ ಅಂಶಗಳು ಗಟ್ಟಿಕಟ್ಟುತ್ತವೆ. ನಮ್ಮ ಕೊಳವೆಬಾವಿಯ ಗಡಸು ನೀರು ಇದಕ್ಕೆ ಇನ್ನಷ್ಟು ಸಹಾಯಮಾಡುತ್ತದೆ. ವಾರಕ್ಕೊಮ್ಮೆ ನಿಂಬೆಯ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಹೊಯ್ದು ರಾತ್ರಿ ಬಿಟ್ಟರೆ ಸಾಕು. ಬ್ಲೀಚಿಂಗ್ ಪುಡಿಯನ್ನು ಮಾತ್ರ ಇಲ್ಲಿ ಹಾಕಕೂಡದು. ಮೂತ್ರದೊಡನೆಯಾಗಲಿ ಆಮ್ಲದೊಡನೆಯಾಗಲಿ ಬೆರೆತರೆ ಅದು ವಿಷವಾಯುವನ್ನು ಬಿಡುತ್ತದೆ.

ಹೊರಬಂದ ನೀರಿಗೆ ಗತಿಯೇನು? ಪಟ್ಟಣದಲ್ಲಿ ಒಳಚರಂಡಿ ಉಂಟು. ನಮ್ಮ ಹಿರಿಯರು ಬಚ್ಚಲ ನೀರನ್ನು ಬಾಳೆಗೂ ತೆಂಗಿಗೂ ಬಿಡುತ್ತಿದ್ದರು. ನಾನೂ ಹಾಗೆಯೇ ಮಾಡಿದೆನು. ಒಬ್ಬ ವಯಸ್ಕನ ಮೂತ್ರವು ವರ್ಷಕ್ಕೆ ಸುಮಾರು ೫೦೦ ಲೀಟರು. ಅದರಲ್ಲಿ ಸಾರಜನಕವು ಸುಮಾರು ೪ ಕಿಲೋಗ್ರಾಂ. ಫಲಬಿಡುವ ತೆಂಗಿನ ಮರವೊಂದಕ್ಕೆ ಶಿಫಾರಸು ಮಾಡಿರುವುದು ವರ್ಷಕ್ಕೆ ಅರ್ಧ ಕಿಲೋಗ್ರಾಂ ಮಾತ್ರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ೨೦೦೯ರ ಸುಮಾರಿಗೆ ಮೆಕ್ಕೆಜೋಳಕ್ಕೆ ಮನುಷ್ಯಮೂತ್ರವನ್ನು ಗೊಬ್ಬರವಾಗಿ ಕೊಟ್ಟು ಪರೀಕ್ಷಿಸಿ ಒಳ್ಳೆಯ ಫಲವನ್ನು ಕಂಡರು. ಆದರೆ ಒಂದೇ ಮರಕ್ಕೆ ಮನೆಯವರೆಲ್ಲರದನ್ನೂ ಬಿಟ್ಟರೆ ಅತಿಯಾಗುತ್ತದೆ. ಕೊಳವೆಯ ತುದಿಗೆ ರಬ್ಬರಿನ ನಳಿಗೆಯನ್ನು ಸಿಕ್ಕಿಸಿ ವಾರಕ್ಕೊಂದು ಮರದಂತೆ ಎಂಟು ಮರಗಳಿಗೆ ತಿರುಗಿಸುತ್ತೇವೆ. ಪಾತಿಯಲ್ಲಿ ನೀರು ನಿಲ್ಲದಂತೆ ಸೋಗೆಯನ್ನು ಕೊಚ್ಚಿ ಹಾಸಿದ್ದೇವೆ. ಪೊಟ್ಯಾಷು ಇದರಿಂದ ಸಾಲದು, ಅದಕ್ಕೆ ಒಲೆಯ ಬೂದಿ ಇದ್ದೇ ಇದೆ. ಬಾವಿಗೂ ಈ ಪಾತಿಗೂ ಐವತ್ತಡಿಯಾದರೂ ಅಂತರವಿರಬೇಕು. ನಿಂಬೆಯ ಉಪ್ಪಲ್ಲದೆ ಅಂಗಡಿಯ ಆಮ್ಲದಿಂದ ತೊಳೆದ ದಿನ ನಳಿಗೆಯನ್ನು ಸೆಪ್ಟಿಕ್ ಟ್ಯಾಂಕಿಗೆ ತಿರುಗಿಸುವುದು ಕ್ಷೇಮ.

ಅಣ್ಣನವರು ಈಗಲೂ ಜನಿವಾರವನ್ನು ಕಿವಿಗೆ ಏರಿಸಿಕೊಂಡೇ ಹೋಗುತ್ತಾರೆ. ಬಂದು ಕಾಲು ತೊಳೆದು ಆಚಮನ ಮಾಡುತ್ತಾರೆ. ಮೂರು ಸಲ ಏಳುತ್ತಿದ್ದವರು ವೈದ್ಯರ ಮಾತ್ರೆಯಿಂದ ಎರಡಕ್ಕೆ ಬಂದಿದ್ದಾರೆ. ಬೇಲಿಯ ಬಳಿಯ ಕಲ್ಲುಮೆಟ್ಟಿಲನ್ನು ಉಳಿಯಿಂದ ಒರಟು ಮಾಡಿಸಿದ್ದೇನೆ. ಬಚ್ಚಲಿನ ಹಿಡಿಕೆಯು ಅವರಿಗೆ ಸ್ವಲ್ಪ ಮೇಲಾಯಿತಂತೆ. ಮೇಸ್ತ್ರಿಯು ಬರುವ ಸೋಮವಾರ ಬಂದು ಎರಡಂಗುಲ ಇಳಿಸಿಕೊಡುವೆನೆಂದಿದ್ದಾನೆ.